ತೆರೆ ಸರಿಯುವ ಮುನ್ನ

ಆಪೆರಾ ಎಂಬ ಪಾಶ್ಚಾತ್ಯ ಸಂಗೀತ ನಾಟಕದ ಲೋಕದಲ್ಲಿ ಪಳಗಿದ ಒಬ್ಬ ಸಂಗೀತಗಾರನ ಪೂರ್ವವಾದನವು ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಿರಿಯರಿಗೆಲ್ಲ ಬಾಯಿಪಾಠವಾಗಿದೆ ಎಂದರೆ ಯಾರೂ ಸುಲಭವಾಗಿ ನಂಬಲಾರರು. ಆದರೂ ಮಾತು ನಿಜ. ಗುಲ್ಬರ್ಗಾ ಆಕಾಶವಾಣಿಯು ಬೆಳಗಿನ ಪ್ರಸಾರವನ್ನು ಆರಂಭಿಸುವ ಮುನ್ನ ಕೇಳಿಬರುತ್ತಿದ್ದ ಆ ಚಿಕ್ಕ ಸ್ವರಮಾಲೆಯನ್ನು ನೆನಪಿಗೆ ತಂದುಕೊಳ್ಳಿರಿ. ತಂಬೂರಿಯ ಶ್ರುತಿ, ಅದರ ಮೇಲೆ ಪಿಟೀಲಿನ ಒಂದು ಎಳೆ, ಶಿವರಂಜನಿ ರಾಗದ ಛಾಯೆ. ಒಲೆ ಹೊತ್ತಿಸುವ ತಾಯಂದಿರಿಗೂ ಹೊಲಕ್ಕೆ ಹೊರಟ ರೈತರಿಗೂ ಅದೇ ಗಡಿಯಾರವಾಗಿತ್ತು. ಈ ಸ್ವರಗುಚ್ಛವು ವಾಲ್ಟರ್ ಕೌಫ್‌ಮನ್ ಎಂಬವರ ರಚನೆಯೆಂದು ಪ್ರಸಿದ್ಧವಾಗಿದೆ. 1907ರಲ್ಲಿ ಬೊಹೇಮಿಯಾದ ಕಾರ್ಲ್ಸ್‌ಬಾಡ್ ಪಟ್ಟಣದಲ್ಲಿ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದ ಅವರು, ಹಿಟ್ಲರನ ನೆರಳು ಯುರೋಪಿನ ಮೇಲೆ ಬೀಳತೊಡಗಿದಾಗ, 1934ರಲ್ಲಿ ಮುಂಬಯಿಗೆ ಬಂದು 1946ರವರೆಗೆ ಇಲ್ಲಿಯೇ ನೆಲೆಸಿದರು. ಮುಂಬಯಿ ಬಾನುಲಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದ ಹೊಣೆಯನ್ನು ಹೊತ್ತರು. ‘ಅನಸೂಯಾ’ ಎಂಬ ಬಾನುಲಿ ಆಪೆರಾವನ್ನೂ ರಚಿಸಿದರು. ಮುಂದೆ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿ ಉತ್ತರ ಮತ್ತು ದಕ್ಷಿಣ ಭಾರತದ ರಾಗಗಳ ಕುರಿತು ದೊಡ್ಡ ಗ್ರಂಥಗಳನ್ನು ಬರೆದರು.

ಓದುಗ ಬಂಧುಗಳ ಮುಂದೆ ಈ ಸಂಗತಿಯನ್ನು ಮೊದಲಿಗೇ ಇಡಲು ಕಾರಣವುಂಟು. ಈ ವಾರ ನಾನು ಹೇಳಹೊರಟಿರುವುದು ಆಪೆರಾಗಳ ಪೂರ್ವವಾದನಗಳನ್ನು ಮಾತ್ರ ಒಟ್ಟುಗೂಡಿಸಿದ ವಾದ್ಯವೃಂದದ ಧ್ವನಿಮುದ್ರಿಕೆಗಳ ವಿಷಯವನ್ನು. “ಅದು ನಮಗೇಕೆ? ಅದು ದೊರೆಗಳ ಸಂಗೀತ, ಪರಂಗಿಯವರ ಸಂಗೀತ” ಎಂದು ಪುಟ ತಿರುವುವ ಮುನ್ನ, ಅದರ ಒಂದು ಎಳೆ ನಮ್ಮ ಅಡಿಗೆಮನೆಯ ರೇಡಿಯೊದವರೆಗೂ ಬಂದಿತ್ತೆಂಬುದು ತಿಳಿದಿರಲಿ. ಇನ್ನೊಂದು ಎಳೆ ನಮ್ಮ ದೇವಾಲಯದ ಮದುವೆಗಳವರೆಗೂ ಬಂದಿದೆ. ಅದನ್ನು ಮುಂದೆ ನೋಡೋಣ.

ಆಪೆರಾದಲ್ಲಿ ಪಾತ್ರಧಾರಿಗಳು ಮಾತಿನ ಬದಲು ಹಾಡುತ್ತಾರೆ. ರಂಗದ ಮುಂದಿನ ತಗ್ಗಿನಲ್ಲಿ ದೊಡ್ಡ ವಾದ್ಯವೃಂದವು ಕುಳಿತಿರುತ್ತದೆ. ತೆರೆ ಏಳುವ ಮೊದಲು ಆ ವೃಂದವು ಒಂದೇ ನುಡಿಸುವ ಭಾಗಕ್ಕೆ ‘ಓವರ್ಚರ್’ ಎಂದು ಹೆಸರು. ಅದು ಚಿಕ್ಕದಾಗಿದ್ದು, ಬಿಡುವಿಲ್ಲದೆ ಮುಂದಿನ ದೃಶ್ಯದೊಳಕ್ಕೆ ಹರಿದುಹೋದರೆ ‘ಪ್ರೆಲ್ಯೂಡ್’ ಎನ್ನುವುದು ವಾಡಿಕೆ. ನಮ್ಮವರಿಗೆ ಈ ಕಲ್ಪನೆ ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯವು ಪೂರ್ತಿಯಾಗಿ ‘ಪೂರ್ವರಂಗ’ಕ್ಕೇ ಮೀಸಲು. ವಾದ್ಯಗಳನ್ನು ಅಣಿಗೊಳಿಸುವುದು, ಗಾಯಕರು ಕುಳಿತುಕೊಳ್ಳುವುದು, ಶ್ರುತಿ ಕೂಡಿಸುವುದು ಮೊದಲಾದ ಒಂಬತ್ತು ಅಂಗಗಳು ತೆರೆಯ ಹಿಂದೆಯೇ ನಡೆಯಬೇಕೆಂದು ಅಲ್ಲಿ ವಿಧಿಸಲಾಗಿದೆ. ಪಂಡಿತರ ಗ್ರಂಥ ಬೇಡವೆಂದರೆ ನಮ್ಮ ಊರುಗಳ ದೊಡ್ಡಾಟವನ್ನೇ ನೋಡಬಹುದು. ಕಥೆ ಆರಂಭವಾಗುವ ಮುನ್ನ ಮದ್ದಳೆಯ ಪೆಟ್ಟು, ತಾಳ, ಗಣಪತಿಯ ಸ್ತುತಿ, ಶಾರದೆಯ ಸ್ತುತಿ; ಆಮೇಲೆ ಸಾರಥಿಯು ಮುಂದೆ ಬಂದು, ರಂಗಕ್ಕೆ ಬಂದ ಪ್ರತಿಯೊಂದು ಪಾತ್ರವನ್ನೂ ‘ತಾವು ಯಾರು, ತಮ್ಮ ನಾಮಾಂಕಿತವೇನು’ ಎಂಬ ಧಾಟಿಯಲ್ಲಿ ವಿಚಾರಿಸುವುದು. ಈ ವಿಚಾರಣೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಕೆಲಸವಿದೆ. (ಸುರಪುರದವರು ಇಷ್ಟು ಹೇಳಿದರೆ ಟೇಲರ್ ಸಾಹೇಬರನ್ನು ಬಿಟ್ಟದ್ದೇಕೆ ಎಂದು ಕೇಳಿಯಾರು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡು, ಅಲ್ಲಿ ಇಂದಿಗೂ ನಿಂತಿರುವ ಟೇಲರ್ ಮಂಜಿಲನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಅವರು, ಸ್ವದೇಶಕ್ಕೆ ಮರಳಿದ ಮೇಲೆ ಐರ್ಲೆಂಡಿನ ವಿದ್ವತ್ ಅಕಾಡೆಮಿಗಾಗಿ ಭಾರತೀಯ ವಾದ್ಯಗಳ ವಿವರಪಟ್ಟಿಯೊಂದನ್ನು ಬರೆದುಕೊಟ್ಟರು.)

ಇನ್ನು ಧ್ವನಿಮುದ್ರಿಕೆಯ ಕಥೆ. ನಾಟಕವನ್ನು ಬಿಟ್ಟು ಅದರ ಪೂರ್ವರಂಗವನ್ನು ಮಾತ್ರ ತಟ್ಟೆಯ ಮೇಲೆ ಏಕೆ ಅಚ್ಚು ಹಾಕಿದರು? ಕಾರಣ ರಸಾಸ್ವಾದನೆಯದಲ್ಲ, ಯಂತ್ರದ್ದು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ಅರಗಿನ ತಟ್ಟೆಯ ಒಂದು ಮಗ್ಗುಲಲ್ಲಿ ನಾಲ್ಕೈದು ನಿಮಿಷಗಳ ಸಂಗೀತವಷ್ಟೇ ಹಿಡಿಯುತ್ತಿತ್ತು. ಎರಡು ಮೂರು ಗಂಟೆಗಳ ಆಪೆರಾವನ್ನು ಅದರಲ್ಲಿ ತುಂಬಬೇಕೆಂದರೆ ಹದಿನೈದು ಇಪ್ಪತ್ತು ತಟ್ಟೆಗಳ ಹೊರೆಯಾಗುತ್ತಿತ್ತು. ಎಂಟು ನಿಮಿಷಗಳ ಓವರ್ಚರ್ ಆದರೆ ಒಂದೇ ತಟ್ಟೆಯ ಎರಡು ಮಗ್ಗುಲುಗಳಲ್ಲಿ ಅಡಕವಾಗುತ್ತಿತ್ತು. ಹೀಗೆ, ಆಪೆರಾ ಭವನದ ಮೆಟ್ಟಿಲನ್ನೇ ತುಳಿಯದ ಲಕ್ಷಾಂತರ ಜನರ ಮನೆಗೆ ಭವನದ ಹೊಸ್ತಿಲು ಮಾತ್ರ ಬಂದು ಸೇರಿತು. 1948ರಲ್ಲಿ ಅಮೆರಿಕದಲ್ಲಿ ಎಲ್.ಪಿ. ತಟ್ಟೆ ಬಂದು, ಒಂದು ಮಗ್ಗುಲಿನ ಅವಧಿ ಇಪ್ಪತ್ತು ನಿಮಿಷಗಳನ್ನು ದಾಟಿದಾಗ, ಆರೇಳು ಓವರ್ಚರ್‌ಗಳನ್ನು ಒಂದೇ ತಟ್ಟೆಯಲ್ಲಿ ಜೋಡಿಸಿ ಮಾರುವುದು ಸಲೀಸಾಯಿತು.

ಇಂತಹ ತಟ್ಟೆಗಳಲ್ಲಿ ಅತ್ಯುತ್ತಮವೆನಿಸಿದ ಕೆಲವನ್ನು ನುಡಿಸಿದ್ದು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದ. ಕನ್ನಡಿಗರಿಗೆ ಇಲ್ಲಿ ಹೆಮ್ಮೆಯ ಮಾತೊಂದಿದೆ. ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣ ತಜ್ಞರು 1945ರಲ್ಲಿ ಈ ವೃಂದವನ್ನು ಕಟ್ಟಿದರು. ಯುದ್ಧದಿಂದ ಬಡವಾಗಿದ್ದ ಇಂಗ್ಲೆಂಡಿನಲ್ಲಿ ಅದಕ್ಕೆ ಭದ್ರವಾದ ನೆಲೆಯಿರಲಿಲ್ಲ. ಆಗ ಕೈ ಹಿಡಿದವರು ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ಒಡೆಯರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರ ಆಹ್ವಾನದ ಮೇಲೆ ಮೈಸೂರಿಗೆ ಬಂದ ಲೆಗ್ ಅವರು ಅರಮನೆಯ ಧ್ವನಿಮುದ್ರಿಕೆಗಳ ಭಂಡಾರವನ್ನೂ ಪಿಯಾನೊಗಳನ್ನೂ ಕಂಡು ಬೆರಗಾದರು. ಒಡೆಯರು ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷ ನೆರವು ನೀಡಲು ಒಪ್ಪಿದರು. ವೃಂದದ ಕಛೇರಿಗಳನ್ನು ಏರ್ಪಡಿಸುತ್ತಿದ್ದ ಸಂಘಕ್ಕೆ ಅಧ್ಯಕ್ಷರೂ ಆದರು. ಲಂಡನ್ನಿನಲ್ಲಿ ಕಾಯಿಲೆಯಿಂದ ಬಳಲುತ್ತಿದ್ದ ರಷ್ಯದ ಮುಪ್ಪಿನ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೂ ಅವರೇ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ್ದಾರೆ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಹಿಂದಿನ ವರ್ಷ ತೀರಿಕೊಂಡಿದ್ದ ರಿಕಾರ್ಡ್ ಸ್ಟ್ರಾಸರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದು ಒಡೆಯರ ನೆರವಿನಿಂದ. ಹಾಡಿದವರು ನಾರ್ವೆಯ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್.

ಒಡೆಯರು ತಮ್ಮ ನಾಡಿನ ಸಂಗೀತವನ್ನು ಮರೆತು ಪರದೇಶದ್ದಕ್ಕೆ ಮರುಳಾದವರೆಂದು ಯಾರೂ ತಿಳಿಯಬಾರದು. ಕರ್ನಾಟಕ ಸಂಗೀತದಲ್ಲಿ ಅವರು ರಚಿಸಿದ ಕೃತಿಗಳು 94. ಮೈಸೂರಿನ ಸಂತ ಫಿಲೋಮಿನಾ ಮಹಾದೇವಾಲಯಕ್ಕೆ 1933ರಲ್ಲಿ ಅಡಿಗಲ್ಲನ್ನಿಟ್ಟವರು ಅವರ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ಎಂಬುದನ್ನು ಕಥೋಲಿಕರಾದ ನಾವು ಮರೆಯುವಂತಿಲ್ಲ. ಅನ್ಯರ ಆರಾಧನೆಗೆ ದೊಡ್ಡಪ್ಪ ಜಾಗ ಕೊಟ್ಟರು, ಅನ್ಯರ ಸಂಗೀತಕ್ಕೆ ಮಗ ಆಸರೆ ಕೊಟ್ಟರು. ಲೆಗ್ ಮೈಸೂರಿಗೆ ಬಂದ ಕಾಲಕ್ಕೆ ನಮ್ಮ ಈ ತಾಲೂಕುಗಳಿಗೂ ಮೈಸೂರಿಗೂ ರಾಜಕೀಯವಾಗಿ ಸಂಬಂಧವಿರಲಿಲ್ಲ; ನಾವು ಹೈದರಾಬಾದಿಗೆ ಸೇರಿದ್ದೆವು. 1956ರ ನವೆಂಬರ್ 1ರಂದು ನಾವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದಾಗ ಅದರ ರಾಜ್ಯಪಾಲರಾಗಿದ್ದವರು ಇದೇ ಒಡೆಯರು; 1964ರವರೆಗೂ ಅವರು ಆ ಸ್ಥಾನದಲ್ಲಿದ್ದರು.

ಅವರ ಆಸರೆಯಲ್ಲಿ ಬಲಗೊಂಡ ಆ ವೃಂದವು ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಆಪೆರಾಗಳ ಪೂರ್ವರಂಗಗಳನ್ನು ಒಂದಾದ ಮೇಲೊಂದರಂತೆ ಮುದ್ರಿಸಿತು. ಹರ್ಬರ್ಟ್ ಫಾನ್ ಕಾರಯಾನ್ ಅವರ ನಿರ್ದೇಶನದಲ್ಲಿ 1954ರಲ್ಲಿ ಆಪೆರಾ ಮಧ್ಯಂತರಗಳು, 1960ರಲ್ಲಿ ರೊಸ್ಸೀನಿಯ ಓವರ್ಚರ್‌ಗಳು. ಕಾರ್ಲೊ ಮರಿಯಾ ಜುಲೀನಿ ಅವರ ನಿರ್ದೇಶನದಲ್ಲಿ ವೆರ್ಡಿಯವು. ಒಟ್ಟೊ ಕ್ಲೆಂಪರರ್ ಅವರ ನಿರ್ದೇಶನದಲ್ಲಿ ಬೀಥೋವನ್ ಮತ್ತು ವಾಗ್ನರನವು. ಅಂದು ಸಿರಿವಂತರ ಮನೆಯ ಸೊತ್ತಾಗಿದ್ದ ಈ ತಟ್ಟೆಗಳ ಸಂಗೀತವನ್ನು ಇಂದು ಶಹಾಪುರದ ಕಾಲೇಜು ಹುಡುಗನೊಬ್ಬನು ತನ್ನ ಮೊಬೈಲಿನಲ್ಲಿ ಕೇಳಬಲ್ಲ.

ಆದರೆ ಕೇಳುವುದು ಹೇಗೆ? ನನ್ನ ಮಟ್ಟಿಗೆ ಮುಖ್ಯವಾದ ಪ್ರಶ್ನೆ ಇದು. ಮನೆಯಿಲ್ಲದ ಹೊಸ್ತಿಲಿಗೆ ಅರ್ಥವುಂಟೆ?

ತತ್ತ್ವಶಾಸ್ತ್ರದ ತರಗತಿಯಲ್ಲಿ ಸಂತ ಅಗಸ್ಟೀನರ ‘ಆತ್ಮನಿವೇದನೆ’ಯನ್ನು ಓದಿದವರಿಗೆ ಅದರ ಹನ್ನೊಂದನೆಯ ಭಾಗ ನೆನಪಿರುತ್ತದೆ. ಕಾಲವೆಂದರೇನು ಎಂದು ವಿಚಾರಿಸುತ್ತ ಸಂತರು ಒಂದು ದೃಷ್ಟಾಂತವನ್ನು ಕೊಡುತ್ತಾರೆ. ನಾನು ಬಲ್ಲ ಒಂದು ಕೀರ್ತನೆಯನ್ನು ಹಾಡಲು ತೊಡಗುತ್ತೇನೆ ಎನ್ನಿ. ಆರಂಭಿಸುವ ಮುನ್ನ ನನ್ನ ಮನಸ್ಸು ಇಡೀ ಕೀರ್ತನೆಯನ್ನು ನಿರೀಕ್ಷೆಯಲ್ಲಿ ಹಿಡಿದಿರುತ್ತದೆ. ಹಾಡುತ್ತ ಹೋದಂತೆ ನಿರೀಕ್ಷೆ ಕುಗ್ಗುತ್ತದೆ, ನೆನಪು ಬೆಳೆಯುತ್ತದೆ. ಇವೆರಡರ ನಡುವೆ ಗಮನ ಎಂಬ ಸಣ್ಣ ಸೇತುವೆ. ಸಂಗೀತವನ್ನು ಕೇಳುವ ಕ್ರಿಯೆಯ ಬಗ್ಗೆ ಇದಕ್ಕಿಂತ ಉತ್ತಮವಾದ ವಿವರಣೆಯನ್ನು ನಾನು ಕಂಡಿಲ್ಲ.

ಪೂರ್ವರಂಗದ ವಿಶೇಷವೆಂದರೆ, ಅದು ನಾವು ಇನ್ನೂ ಅರಿಯದ ಕಥೆಯ ನೆನಪನ್ನು ನಮ್ಮಲ್ಲಿ ಮುಂಚಿತವಾಗಿಯೇ ಇಟ್ಟುಬಿಡುತ್ತದೆ. ಮೊಟ್ಸಾರ್ಟನ ‘ಡಾನ್ ಜೊವಾನ್ನಿ’ಯನ್ನು ತೆಗೆದುಕೊಳ್ಳೋಣ. 1787ರ ಅಕ್ಟೋಬರ್ 29ರಂದು ಪ್ರಾಗ್ ನಗರದಲ್ಲಿ ಮೊದಲ ಪ್ರಯೋಗ. ಓವರ್ಚರ್ ಮುಗಿದದ್ದು ಅದರ ಮುನ್ನಾದಿನ! ಅದು ಆರಂಭವಾಗುವುದು ಗುಡುಗಿನಂತಹ ಎರಡು ಗಂಭೀರ ಸ್ವರಮೇಳಗಳಿಂದ. ಕೂಡಲೇ ಸಂಗೀತ ಚುರುಕಾಗಿ ಹಾಸ್ಯಕ್ಕೆ ಇಳಿಯುತ್ತದೆ; ಕೇಳುಗನು ಆ ಗುಡುಗನ್ನು ಮರೆತೇಬಿಡುತ್ತಾನೆ. ಮೂರು ಗಂಟೆಗಳಾದ ಮೇಲೆ, ಹೆಂಗಸರನ್ನು ವಂಚಿಸಿ ಕೊಲೆಯನ್ನೂ ಮಾಡಿದ ನಾಯಕನ ಊಟದ ಮನೆಗೆ, ಅವನು ಕೊಂದವನ ಕಲ್ಲಿನ ಪ್ರತಿಮೆಯೇ ನಡೆದು ಬರುತ್ತದೆ. ಆಗ ಅದೇ ಗುಡುಗು ಮತ್ತೆ ಮೊಳಗುತ್ತದೆ. ತೀರ್ಪು ಮೊದಲೇ ನುಡಿದಾಗಿತ್ತು. ಕೇಳಿಸಿಕೊಂಡವರಿಗೆ ಅದರ ಅರ್ಥ ಆಗ ಗೊತ್ತಾಗಿರಲಿಲ್ಲ, ಅಷ್ಟೆ. (ಈ ಆಪೆರಾದ ಸಾಹಿತ್ಯವನ್ನು ಬರೆದ ಲೊರೆಂಜೊ ದಾ ಪೊಂತೆ ಗುರುಪಟ್ಟ ಪಡೆದಿದ್ದವರು. ಅವರ ಬಾಳು ಮಾತ್ರ ಗುರುಪಟ್ಟಕ್ಕೆ ಒಪ್ಪುವಂಥದ್ದಾಗಿರಲಿಲ್ಲ. ಪ್ರಾಯಶಃ ಅದರಿಂದಲೇ ವಂಚಕನ ಪಾತ್ರ ಅಷ್ಟು ಚೆನ್ನಾಗಿ ಮೂಡಿತೋ ಏನೋ!)

1853ರಲ್ಲಿ ವೆನಿಸ್ಸಿನಲ್ಲಿ ಮೊದಲು ಆಡಿದ ವೆರ್ಡಿಯ ‘ಲಾ ತ್ರಾವಿಯಾತಾ’ದ ಪ್ರೆಲ್ಯೂಡ್ ಇನ್ನೂ ಸೂಕ್ಷ್ಮವಾದುದು. ಅದು ಆರಂಭವಾಗುವುದು ಕೊನೆಯಿಂದ. ಪಿಟೀಲುಗಳು ಅತಿ ಎತ್ತರದ ಸ್ಥಾಯಿಯಲ್ಲಿ, ಅತಿ ಮೆಲ್ಲನೆ ನುಡಿಯುವ ಆ ಮೊದಲ ಸ್ವರಗಳು, ಮೂರನೆಯ ಅಂಕದಲ್ಲಿ ಕ್ಷಯರೋಗದಿಂದ ಸಾಯುತ್ತಿರುವ ನಾಯಕಿಯ ಕೋಣೆಯ ಸ್ವರಗಳು. ಅದಾದ ಮೇಲೆ ಆಕೆಯ ಪ್ರೀತಿಯ ರಾಗ. ಅದಾದ ಮೇಲೆ ತೆರೆ ಎದ್ದು ಔತಣದ ಗದ್ದಲ. ಸಾವನ್ನು ಮೊದಲು ಕೇಳಿದವನಿಗೆ ಆ ಗದ್ದಲದ ನಗೆ ಬೇರೆಯಾಗಿಯೇ ಕೇಳುತ್ತದೆ. ಫ್ಯಾನಿನ ಸದ್ದಿನ ಕೆಳಗೆ, ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಇದನ್ನು ಕೇಳಿದರೆ ಮೊದಲ ಅರ್ಧ ನಿಮಿಷ ಏನೂ ಕೇಳಿಸದು. ರಾತ್ರಿ ಊಟವಾದ ಮೇಲೆ, ಮನೆಯವರೆಲ್ಲ ಸುಮ್ಮನಾದಾಗ ಹಾಕಿಕೊಳ್ಳುವುದು ಒಳಿತು.

ಎಲ್ಲ ಪೂರ್ವರಂಗಗಳೂ ಇಷ್ಟು ಪ್ರಾಮಾಣಿಕವಲ್ಲ. ರೊಸ್ಸೀನಿಯ ‘ಸೆವಿಲ್ಲಿನ ಕ್ಷೌರಿಕ’ದ ಓವರ್ಚರನ್ನು ಲೋಕವೆಲ್ಲ ಮೆಚ್ಚುತ್ತದೆ; ಅದರ ಉಲ್ಲಾಸವೇ ನಾಟಕದ ಹಾಸ್ಯದ ಸಾರವೆಂದು ವಿಮರ್ಶಕರು ಹೊಗಳಿದ್ದುಂಟು. ನಿಜ ಸಂಗತಿಯೆಂದರೆ, 1816ರ ಈ ಹಾಸ್ಯ ನಾಟಕಕ್ಕೆ ಮುನ್ನ ಅದೇ ಓವರ್ಚರನ್ನು ರೊಸ್ಸೀನಿ 1813ರಲ್ಲಿ ರೋಮನ್ ಚಕ್ರವರ್ತಿಯೊಬ್ಬನ ಗಂಭೀರ ಕಥೆಗೂ, 1815ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ತಳ ಕಥೆಗೂ ಬಳಸಿದ್ದರು. ಒಂದೇ ತೋರಣವನ್ನು ಮೂರು ಮನೆಗಳಿಗೆ ಕಟ್ಟಿದಂತಾಯಿತು. ಸೊಗಸಿಗೆ ಕೊರತೆಯಿಲ್ಲ, ಆದರೆ ಅದು ಯಾವ ಮನೆಗೂ ಮಾತು ಕೊಡುವುದಿಲ್ಲ. ಬೀಥೋವನ್ನನ ಕಷ್ಟ ಇದಕ್ಕೆ ತದ್ವಿರುದ್ಧ. ತನ್ನ ಒಂದೇ ಆಪೆರಾಕ್ಕೆ ಆತ ನಾಲ್ಕು ಓವರ್ಚರ್‌ಗಳನ್ನು ಬರೆದ. ಅವುಗಳಲ್ಲಿ ‘ಲಿಯೊನೋರೆ’ ಮೂರನೆಯದು ಎಷ್ಟು ಪರಿಪೂರ್ಣವೆಂದರೆ, ಸೆರೆಮನೆಯ ಕತ್ತಲು, ದೂರದಿಂದ ಕೇಳಿಬರುವ ಬಿಡುಗಡೆಯ ತುತ್ತೂರಿ, ಕೊನೆಯ ಹರ್ಷ ಎಲ್ಲವನ್ನೂ ಅದೇ ಹೇಳಿ ಮುಗಿಸುತ್ತದೆ; ಆಮೇಲೆ ನಾಟಕಕ್ಕೆ ಉಳಿಯುವುದೇನು? ಕೊನೆಗೆ 1814ರಲ್ಲಿ ಆತ ಅದನ್ನು ಪಕ್ಕಕ್ಕಿಟ್ಟು ಚಿಕ್ಕದೊಂದನ್ನು ಬರೆದ. ಪೀಠಿಕೆಯಲ್ಲೇ ಪ್ರಬೋಧನೆಯನ್ನು ಮುಗಿಸಿಬಿಡುವ ನಮ್ಮಂತಹ ಗುರುಗಳು ಇದನ್ನು ಗಮನಿಸಬಹುದು.

ನಮ್ಮ ಕುಟುಂಬಗಳಲ್ಲಿ ಕೆಲವರಿಗೆ ಆಪೆರಾ ಎಂದರೆ ನಾಟಕದವರ ಸಂಗೀತ, ದೇವಾಲಯಕ್ಕೆ ಹೊರಗಿನದು ಎಂಬ ಭಾವನೆಯಿದೆ. ಇದರಲ್ಲಿ ಅರ್ಧ ಸತ್ಯವಿದೆ. ಹತ್ತೊಂಬತ್ತನೆಯ ಶತಮಾನದ ಇಟಲಿಯಲ್ಲಿ ದಿವ್ಯ ಬಲಿಪೂಜೆಯ ನಡುವೆ ಆರ್ಗನ್ ವಾದಕರು ಆಪೆರಾದ ರಾಗಗಳನ್ನು ನುಡಿಸುವ ಮಟ್ಟಕ್ಕೆ ಬಂದಿದ್ದರು. ಅದನ್ನು ತಡೆಯಲೆಂದೇ ಹತ್ತನೆಯ ಪಿಯುಸ್ ಜಗದ್ಗುರುಗಳು 1903ರ ನವೆಂಬರ್ 22ರಂದು, ಸಂಗೀತದ ಪಾಲಕಿ ಸಂತ ಸಿಸಿಲಿಯಾಳ ಹಬ್ಬದ ದಿನ, ರಂಗಭೂಮಿಯ ಶೈಲಿಯನ್ನು ದೇವಾಲಯದಿಂದ ದೂರವಿಡುವ ಆಜ್ಞೆಯನ್ನು ಹೊರಡಿಸಿದರು. ಪಿಯಾನೊ, ಡೋಲು, ತಾಳಗಳಿಗೂ ಆಗ ನಿಷೇಧ ಬಂತು. ನಮ್ಮ ಹಾರ್ಮೋನಿಯಂ, ಢೋಲಕ್‌ಗಳಿಗೆ ದೇವಾಲಯದಲ್ಲಿ ಮಾನ್ಯತೆ ದೊರಕಲು, ಆಯಾ ನಾಡಿನ ಸಂಗೀತ ಪರಂಪರೆಯನ್ನು ಗೌರವಿಸಬೇಕೆಂದು 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಸಾರುವವರೆಗೆ ಕಾಯಬೇಕಾಯಿತು.

ಇನ್ನರ್ಧ ಸತ್ಯ ಇಲ್ಲಿದೆ. ಇಂದಿಗೂ ಪ್ರಯೋಗದಲ್ಲಿ ಉಳಿದಿರುವ ಮೊದಲ ದೊಡ್ಡ ಆಪೆರಾ ಎಂದರೆ 1607ರಲ್ಲಿ ಇಟಲಿಯ ಮಾಂಟುವಾದಲ್ಲಿ ಪ್ರಯೋಗವಾದ ಮೊಂತೆವೆರ್ದಿಯ ‘ಒರ್ಫೆಯೊ’. ತೆರೆ ಏಳುವ ಮುನ್ನ ಮೂರು ಬಾರಿ ನುಡಿಸಬೇಕಾದ ತುತ್ತೂರಿಗಳ ಮೊಳಗೊಂದು ಅದಕ್ಕುಂಟು. ಮೂರು ವರ್ಷಗಳ ನಂತರ, 1610ರಲ್ಲಿ ಪೋಪ್ ಐದನೆಯ ಪೌಲರಿಗೆ ಅರ್ಪಿಸಿದ ಸಂಧ್ಯಾಪ್ರಾರ್ಥನೆಯ ಸಂಗೀತವನ್ನು ಮೊಂತೆವೆರ್ದಿ ಆರಂಭಿಸಿದ್ದು ಅದೇ ಮೊಳಗಿನಿಂದ! ಅರಮನೆಯ ನಾಟಕಕ್ಕೆ ಜನರನ್ನು ಎಚ್ಚರಿಸಿದ ಸ್ವರಗಳು ದೇವರ ನೆರವನ್ನು ಬೇಡುವ ಮೊರೆಗೆ ಜೊತೆಯಾದವು. ವೆನಿಸ್ಸಿನ ಸಂತ ಮಾರ್ಕರ ಮಹಾದೇವಾಲಯದಲ್ಲಿ ಸಂಗೀತ ನಿರ್ದೇಶಕರಾಗಿದ್ದ ಮೊಂತೆವೆರ್ದಿ 1632ರಲ್ಲಿ ಗುರುದೀಕ್ಷೆಯನ್ನೂ ಪಡೆದರು.

ಫಿಲ್‌ಹಾರ್ಮೋನಿಯಾದ 1954ರ ಮುದ್ರಣದಲ್ಲಿ ಇಂತಹುದೇ ಒಂದು ಘಟನೆಯಿದೆ. ಅದರಲ್ಲಿ ಮಸ್ಕಾಗ್ನಿಯ ‘ಕವಲ್ಲೆರಿಯಾ ರುಸ್ತಿಕಾನಾ’ದ ಮಧ್ಯಂತರ ಸಂಗೀತವಿದೆ. ಸಿಸಿಲಿಯ ಹಳ್ಳಿಯೊಂದರಲ್ಲಿ ಪುನರುತ್ಥಾನದ ಹಬ್ಬದ ಬೆಳಿಗ್ಗೆ ನಡೆಯುವ ಕಥೆ. ಊರವರೆಲ್ಲ ದೇವಾಲಯದ ಒಳಗೆ ಪೂಜೆಯಲ್ಲಿದ್ದಾರೆ. ರಂಗ ಬರಿದಾಗಿದೆ. ದ್ವೇಷದ ಕಿಡಿ ಆಗಲೇ ಹೊತ್ತಿಕೊಂಡಿದೆ. ಪೂಜೆ ಮುಗಿದ ಬಳಿಕ ಒಬ್ಬನ ಹೆಣ ಬೀಳಲಿದೆ. ಈ ನಡುವಿನ ಮೂರು ನಿಮಿಷ ಬರಿದಾದ ರಂಗದ ಮೇಲೆ ತಂತಿವಾದ್ಯಗಳೂ ಆರ್ಗನ್ನೂ ನುಡಿಯುತ್ತವೆ. ಪುನರುತ್ಥಾನದ ಶಾಂತಿಯೂ ಬರಲಿರುವ ರಕ್ತವೂ ಅಲ್ಲಿ ಒಟ್ಟಿಗಿವೆ. ಮುದ್ರಣ ನಡೆದ ಲಂಡನ್ನಿನ ಕಿಂಗ್ಸ್‌ವೇ ಹಾಲ್ ಮೆಥೊಡಿಸ್ಟ್ ಪಂಥದವರ ಆರಾಧನಾ ಭವನ. ಅಲ್ಲಿಯ ಆರ್ಗನನ್ನು ಅಂದು ನುಡಿಸಿದವರು ಡೆನಿಸ್ ಬ್ರೇನ್. ಅವರು ಆರ್ಗನ್ ವಾದಕರಾಗಿ ಅಲ್ಲ, ಲೋಕದ ಅತ್ಯುತ್ತಮ ಹಾರ್ನ್ ವಾದಕರಾಗಿ ಹೆಸರಾದವರು. ಮೂರು ವರ್ಷಗಳ ತರುವಾಯ, ಮೂವತ್ತಾರರ ಹರೆಯದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಕಿಂಗ್ಸ್‌ವೇ ಹಾಲನ್ನು 1998ರಲ್ಲಿ ಕೆಡವಲಾಯಿತು. ಆ ಮೂರು ನಿಮಿಷ ಉಳಿದಿದೆ.

ಇನ್ನು ಮದುವೆಯ ವಿಷಯ. ನಮ್ಮ ಧರ್ಮಕೇಂದ್ರಗಳಲ್ಲಿ ಮದುಮಗಳು ದೇವಾಲಯದ ಬಾಗಿಲಲ್ಲಿ ಕಾಲಿಟ್ಟೊಡನೆ ಕೀಬೋರ್ಡಿನ ಹುಡುಗನು ನುಡಿಸುವ ಒಂದು ರಾಗವಿದೆ. ಸಿನಿಮಾಗಳಲ್ಲಿ ಕ್ರೈಸ್ತ ಮದುವೆ ಎಂದರೆ ಅದೇ ಕೇಳಿಬರುತ್ತದೆ. “ಫಾದರ್, ಅದು ನಮ್ಮ ಚರ್ಚಿನ ಹಾಡಲ್ಲವೇ?” ಎಂದು ಮದುವೆಯ ತಯಾರಿಗೆ ಬರುವ ಜೋಡಿಗಳು ಕೇಳುತ್ತಾರೆ. ಅಲ್ಲ. ಅದು ವಾಗ್ನರನ ‘ಲೋಹೆಂಗ್ರಿನ್’ ಆಪೆರಾದ ಮೂರನೆಯ ಅಂಕದ ಮೇಳಗೀತ.

ಈ ಆಪೆರಾಕ್ಕೆ ಎರಡು ಪ್ರಸಿದ್ಧ ಪ್ರೆಲ್ಯೂಡ್‌ಗಳಿವೆ. ಮೊದಲ ಅಂಕದ್ದು, ನಮ್ಮ ಪ್ರಭುವು ಕೊನೆಯ ಭೋಜನದಲ್ಲಿ ಬಳಸಿದ ಪಾನಪಾತ್ರೆಯನ್ನು ದೂತರು ಪರಲೋಕದಿಂದ ಇಳಿಸಿ ತರುವ ದರ್ಶನ. ಪಿಟೀಲುಗಳು ಹಲವು ಕವಲುಗಳಾಗಿ ಒಡೆದು, ಕೇಳಿಯೂ ಕೇಳಿಸದಂತೆ ಎತ್ತರದಲ್ಲಿ ತೊಡಗಿ, ಮೆಲ್ಲಮೆಲ್ಲನೆ ಕೆಳಗಿಳಿದು, ಇಡೀ ವೃಂದ ಬೆಳಗಿ, ಮತ್ತೆ ಮೇಲಕ್ಕೆ ಕರಗುತ್ತವೆ. 1850ರ ಆಗಸ್ಟ್ 28ರಂದು ವೈಮಾರ್ ನಗರದಲ್ಲಿ ಮೊದಲ ಪ್ರಯೋಗವನ್ನು ನಡೆಸಿದವರು ಫ್ರಾನ್ಜ್ ಲಿಸ್ಟ್. ಅವರು ಮುಂದೆ 1865ರಲ್ಲಿ ರೋಮಿನಲ್ಲಿ ಧರ್ಮಸಭೆಯ ಕಿರಿಯ ದೀಕ್ಷೆಗಳನ್ನು ಪಡೆದರು. ದೇಶಭ್ರಷ್ಟನಾಗಿದ್ದ ವಾಗ್ನರನಿಗೆ ತನ್ನ ಆ ಕೃತಿಯನ್ನು ರಂಗದ ಮೇಲೆ ಕೇಳುವ ಭಾಗ್ಯ ಬಂದದ್ದು 1861ರಲ್ಲಿ. ಪಾನಪಾತ್ರೆಯ ಸಂಗೀತ ಮೊದಲು ಕೇಳಿಬಂದ 1850ರಲ್ಲಿಯೇ ಇದೇ ವಾಗ್ನರ್ ಯೆಹೂದ್ಯ ಸಂಗೀತಗಾರರನ್ನು ಹೀಗಳೆಯುವ ವಿಷದ ಲೇಖನವೊಂದನ್ನು ಮರೆ ಹೆಸರಿನಲ್ಲಿ ಪ್ರಕಟಿಸಿದ ಎಂಬುದನ್ನೂ ಹೇಳಲೇಬೇಕು. ಕೌಫ್‌ಮನ್ನರಂಥವರು ನಾಡು ಬಿಟ್ಟು ನಮ್ಮಲ್ಲಿಗೆ ಬರಬೇಕಾದ ದಿನಗಳ ಹಿಂದೆ ಅಂತಹ ಬರಹಗಳೂ ಇದ್ದವು. ಸ್ವರ ಇಳಿದು ಬಂದ ಎತ್ತರಕ್ಕೆ ಬರೆದವನು ಏರಲಿಲ್ಲ.

ಮೂರನೆಯ ಅಂಕದ ಪ್ರೆಲ್ಯೂಡ್ ಮದುವೆಯ ಸಡಗರದ್ದು. ಹಿತ್ತಾಳೆಯ ವಾದ್ಯಗಳು ಅಬ್ಬರಿಸುತ್ತವೆ. ಅದರ ಬೆನ್ನಿಗೇ ಆ ಮೇಳಗೀತ. ಆದರೆ ನಾಟಕದಲ್ಲಿ ಅದು ವಿವಾಹ ಸಂಸ್ಕಾರಕ್ಕೆ ಹೋಗುವಾಗಿನ ಹಾಡಲ್ಲ, ಸಂಸ್ಕಾರ ಮುಗಿದು ಜೋಡಿಯನ್ನು ಶಯನಗೃಹಕ್ಕೆ ಒಯ್ಯುವಾಗಿನ ಹಾಡು. ನಾಯಕಿ ಎಲ್ಸಾಳ ಮೇಲೆ ತಮ್ಮನನ್ನು ಕೊಂದಳೆಂಬ ಸುಳ್ಳು ಆರೋಪ ಬಂದಿತ್ತು. ಹಂಸದ ದೋಣಿಯಲ್ಲಿ ಬಂದ ಅಪರಿಚಿತ ವೀರನೊಬ್ಬ ಆಕೆಯನ್ನು ಕಾಪಾಡಿ ಮದುವೆಯಾಗುತ್ತಾನೆ, ಒಂದು ಷರತ್ತಿನ ಮೇಲೆ: ತನ್ನ ಹೆಸರನ್ನಾಗಲಿ ಕುಲವನ್ನಾಗಲಿ ಆಕೆ ಎಂದೂ ಕೇಳಬಾರದು. ಮೇಳಗೀತ ನಿಂತು ಬಾಗಿಲು ಮುಚ್ಚಿದ ಕೆಲವೇ ನಿಮಿಷಗಳಲ್ಲಿ ಎಲ್ಸಾ ಕೇಳಿಬಿಡುತ್ತಾಳೆ. ಮದುವೆ ಆ ರಾತ್ರಿಯೇ ಮುರಿಯುತ್ತದೆ. ಅವನು ಹೊರಟುಹೋಗುತ್ತಾನೆ, ಆಕೆ ಕುಸಿದು ಪ್ರಾಣ ಬಿಡುತ್ತಾಳೆ.

ನಮ್ಮ ದೊಡ್ಡಾಟದ ಸಾರಥಿ ಇದಕ್ಕೆ ಒಪ್ಪುತ್ತಿದ್ದನೇ? ಹೆಸರು ಹೇಳದ ಪಾತ್ರವನ್ನು ಆತ ರಂಗದ ಮೇಲೆ ಒಂದು ಗಳಿಗೆಯೂ ನಿಲ್ಲಗೊಡನು. ಧರ್ಮಸಭೆಯೂ ಅಷ್ಟೆ. ಮೂರು ಭಾನುವಾರ ಮದುವೆಯ ಪ್ರಕಟಣೆಯನ್ನು ಹೆಸರು ಹಿಡಿದು ಓದುತ್ತೇವೆ; ತಂದೆ ತಾಯಿಗಳ ಹೆಸರು, ಊರು, ಧರ್ಮಕೇಂದ್ರ ಎಲ್ಲವನ್ನೂ ಹೇಳುತ್ತೇವೆ. ಪೀಠದ ಮುಂದೆ ಹೆಸರು ಹೇಳಿಯೇ ಒಬ್ಬರನ್ನೊಬ್ಬರು ಸ್ವೀಕರಿಸುತ್ತಾರೆ. ಗಂಡನು ಯಾರೆಂದು ಹೆಂಡತಿ ಕೇಳಬಾರದೆಂಬ ಷರತ್ತಿನ ಮೇಲೆ ನಿಂತ ಮದುವೆಯ ರಾಗವು ಅಂತಹ ಸಂಸ್ಕಾರಕ್ಕೆ ಪೂರ್ವರಂಗವಾಗುವುದು ನನಗೆ ಸರಿಕಾಣುವುದಿಲ್ಲ. ಈ ಕಥೆಯನ್ನು ಹೇಳಿದಾಗ ಹೆಚ್ಚಿನ ಹುಡುಗಿಯರು ನಕ್ಕು, “ಹಾಗಾದರೆ ಬೇಡ ಫಾದರ್” ಎನ್ನುತ್ತಾರೆ. ಒಂದಿಬ್ಬರು, “ಇಲ್ಲಿ ಯಾರಿಗೆ ಗೊತ್ತಾಗುತ್ತದೆ?” ಎಂದೂ ಕೇಳಿದ್ದಾರೆ. ಅದು ನ್ಯಾಯವಾದ ಪ್ರಶ್ನೆಯೇ. ಒಂದು ರಾಗವನ್ನು ಅದರ ಮನೆಯಿಂದ ಕಿತ್ತು ತಂದ ಮೇಲೆ, ನೂರೈವತ್ತು ವರ್ಷ ಜನ ಅದನ್ನು ಸಂತೋಷಕ್ಕೆ ಬಳಸಿದ ಮೇಲೆ, ಅದಕ್ಕೆ ಹೊಸ ಅರ್ಥ ಬಂದಿಲ್ಲವೇ? ಬಂದಿರಬಹುದು. ಮೊಂತೆವೆರ್ದಿಯ ತುತ್ತೂರಿಗೆ ಬಂದಿತಲ್ಲ! ಆದರೆ ಮೊಂತೆವೆರ್ದಿ ತಾನು ಎಲ್ಲಿಂದ ಎಲ್ಲಿಗೆ ಒಯ್ಯುತ್ತಿದ್ದೇನೆ ಎಂಬುದನ್ನು ಬಲ್ಲವನಾಗಿ ಒಯ್ದ. ನಾವು ಸಿನಿಮಾದಲ್ಲಿ ಕೇಳಿ ನುಡಿಸುತ್ತಿದ್ದೇವೆ.

ಹಾಗಿದ್ದರೆ ಬದಲಿಗೆ ಏನನ್ನು ನುಡಿಸಬೇಕು? ನಮ್ಮದೇ ಕನ್ನಡದ ಪ್ರವೇಶ ಗೀತೆಗಳು ಬೇಕಾದಷ್ಟಿವೆ. ಗಾಯನ ವೃಂದ ಚೆನ್ನಾಗಿರುವಲ್ಲಿ ಅವೇ ಮೇಲು. ವಾದ್ಯದ ಮೊಳಗೇ ಬೇಕೆನ್ನುವವರಿಗೆ ನಾನು ಹೇಳುವುದು ಫ್ರಾನ್ಸಿನ ಮಾರ್ಕ್ ಆಂಟ್ವಾನ್ ಶಾರ್ಪಾಂಟಿಯೆ ಅವರ ‘ತೆ ದೇಯುಂ’ ಸ್ತುತಿಯ ಪ್ರೆಲ್ಯೂಡನ್ನು. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಯೇಸುಸಭೆಯವರ ದೇವಾಲಯದಲ್ಲಿ ಸಂಗೀತದ ಹೊಣೆ ಹೊತ್ತಿದ್ದ ಅವರು 1693ರಲ್ಲಿ ‘ಮೆದೇ’ ಎಂಬ ಆಪೆರಾವನ್ನೂ ಬರೆದವರು. ತುತ್ತೂರಿ, ನಗಾರಿಗಳ ಈ ಮೊಳಗು 1954ರಿಂದ ಯುರೋಪಿನ ದೂರದರ್ಶನ ಒಕ್ಕೂಟದ ಪ್ರಸಾರಗಳಿಗೆ ಮುನ್ನುಡಿಯಾಗಿ ಬಳಕೆಯಾಗುತ್ತ ಬಂದಿದೆ. ಕೇಳಿದೊಡನೆ ಹಲವರು ಗುರುತಿಸಿಯಾರು. ಎರಡು ನಿಮಿಷಕ್ಕಿಂತ ದೊಡ್ಡದಲ್ಲ. ಕೀಬೋರ್ಡಿನಲ್ಲಿ ತುತ್ತೂರಿಯ ಧ್ವನಿಯನ್ನು ಆರಿಸಿಕೊಂಡು, ತಾಳದ ಗುಂಡಿಯನ್ನು ಮಾತ್ರ ಒತ್ತದೆ ನುಡಿಸಿದರೆ, ಬಾಗಿಲಿನಿಂದ ಪೀಠದವರೆಗೆ ನಡೆಯಲು ಸರಿಯಾಗುತ್ತದೆ.